ಕೋಟು ನೋಡಿ ಬರುವವರಿಗೆ ನಾನು ತೋರಿಸುವ ಹಾಳೆ

ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲಿನ 36ನೇ ನಿಯಮದ ಪ್ರಕಾರ ಬಾಗಿಲ ಬೋರ್ಡು ಕೂಡ ಅಳತೆ ಮೀರಬಾರದು, ಇಂಥ ಕೇಸಿನಲ್ಲಿ ಪರಿಣತರು ಎಂದು ಅದರ ಮೇಲೆ ಬರೆಸಲೂಬಾರದು. ಹಾಗಾದರೆ ಹಳ್ಳಿಯಿಂದ ಬಸ್ಸಿಳಿದು ಬಂದ ಕಕ್ಷಿದಾರ ಏನು ನೋಡಿ ವಕೀಲರನ್ನು ಹಿಡಿಯಬೇಕು? ಕೋಟಿನ ಗರಿ, ಹೊರಗೆ ನಿಂತ ಕಾರು, ತಲೆಯ ನರೆ, ಗೋಡೆ ತುಂಬ ಜೋಡಿಸಿದ ದಪ್ಪ ಪುಸ್ತಕಗಳು. ಅವರನ್ನು ದೂರಿ ಫಲವಿಲ್ಲ. ನೋಡಲಿಕ್ಕೆ ನಾವು ಉಳಿಸಿರುವುದೇ ಅಷ್ಟು.

ಈ ಲೆಕ್ಕದಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ಕುಳ್ಳಗಿದ್ದೇನೆ, ತೆಳ್ಳಗಿದ್ದೇನೆ, ವಯಸ್ಸಿಗಿಂತ ಚಿಕ್ಕವಳಾಗಿ ಕಾಣುತ್ತೇನೆ. ತಾಲ್ಲೂಕು ಕೋರ್ಟಿನೆದುರು ಸ್ವಂತ ಆಫೀಸು ತೆರೆದ ಹೊಸತರಲ್ಲಿ ಬಂದವರು ಬಾಗಿಲಲ್ಲೇ ನಿಂತು, "ಸಾಹೇಬ್ರು ಎಷ್ಟೊತ್ತಿಗೆ ಬತ್ತಾರಮ್ಮ?" ಎಂದು ಕೇಳುತ್ತಿದ್ದರು. ನಾನೇ ಲಾಯರು ಅಂದರೆ, "ಹಂಗಾದ್ರೆ ಆಮೇಲ್ ಬತ್ತೀವಿ." ಬರುತ್ತಿರಲಿಲ್ಲ. ಚೂಡಿದಾರ ಬಿಡು, ಸೀರೆ ಉಡು, ಕೂದಲು ಗಂಟು ಹಾಕು ಎಂದರು ಹಿರಿಯ ವಕೀಲೆಯರು. ಉಟ್ಟು ನೋಡಿದೆ. ಬಾಗಿಲು ದಾಟಿ ಒಳಗೆ ಬರುವ ತನಕ ಸೀರೆ ಕೆಲಸ ಮಾಡುತ್ತದೆ, ಕುರ್ಚಿಯಲ್ಲಿ ಕೂತ ಮೇಲೆ ಮಾಡುವುದಿಲ್ಲ.

ಕೋರ್ಟ್ ಹಾಲಿನೊಳಗೆ ಮಾತ್ರ ನನಗೆ ಈ ಕಷ್ಟ ಕಡಿಮೆ. ಅಲ್ಲಿ ಎಲ್ಲರಿಗೂ ಅದೇ ಕರಿ ಕೋಟು, ಅದೇ ಬಿಳಿ ಬ್ಯಾಂಡು. ಗಂಡಸರಿಗೆ ನಿಯಮ ಪಂಚೆಯನ್ನೂ ಒಪ್ಪುತ್ತದೆ, ಜೀನ್ಸನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕೋಟು ಕಡ್ಡಾಯವೂ ಅಲ್ಲ. ಆದರೂ ಸಾಕ್ಷಿ ವಿಚಾರಣೆ ಇದ್ದ ದಿನ ಏಪ್ರಿಲ್ ಸೆಕೆಯಲ್ಲೂ ನಾನು ಹಾಕಿಕೊಂಡೇ ಹೋಗುತ್ತೇನೆ. ಹಿಂದಿನ ಬೆಂಚಿನಲ್ಲಿ ನನ್ನ ಕಕ್ಷಿದಾರ ಕೂತಿರುತ್ತಾನೆ, ಎದುರು ಪಾರ್ಟಿಯ ವಕೀಲರು ಕೋಟಿನಲ್ಲಿರುತ್ತಾರೆ. ಸಮವಸ್ತ್ರ ಇದ್ದಮಾತ್ರಕ್ಕೆ ಕಣ್ಣು ತಪ್ಪುತ್ತದೆ ಅಂತಲ್ಲ. 2022ರಲ್ಲಿ ಪುಣೆಯ ಜಿಲ್ಲಾ ನ್ಯಾಯಾಲಯ, ಮಹಿಳಾ ವಕೀಲರು ಹಾಲಿನಲ್ಲಿ ಕೂದಲು ಸರಿಮಾಡಿಕೊಂಡರೆ ಕಲಾಪಕ್ಕೆ ತೊಂದರೆ ಎಂದು ನೋಟಿಸು ಹಾಕಿ, ಗಲಾಟೆಯಾದ ಮೇಲೆ ತೆಗೆದದ್ದು ನೆನಪಿರಬಹುದು. ಯಾರ ಏಕಾಗ್ರತೆ ಅಷ್ಟು ತೆಳು ಇತ್ತೋ!

ನಾನು ಕಂಡುಕೊಂಡ ದಾರಿ ಇಷ್ಟು. ನನ್ನ ಮುಖ ನೋಡುವ ಕಣ್ಣಿಗೆ ನೋಡಲು ಬೇರೇನಾದರೂ ಕೊಡಬೇಕು. ಅದಕ್ಕೇ ಪರಿಚಯ, ಅನುಭವದ ಮಾತು ಯಾವುದನ್ನೂ ಆಡದೆ, "ಕಾಗದ ಕೊಡಿ" ಅಂತ ಕೈ ಚಾಚುತ್ತೇನೆ. ಲೀಗಲ್ ಸೈಜಿನ ಬಿಳಿ ಹಾಳೆಯೊಂದನ್ನು ಮೇಜಿನ ಮೇಲೆ ಅವರ ಕಡೆಗೆ ತಿರುಗಿಸಿ ಇಟ್ಟು, ಅವರ ಕಾಗದಗಳಲ್ಲಿರುವ ತಾರೀಖುಗಳನ್ನು ಬರೆಯುತ್ತಾ ಹೋಗುತ್ತೇನೆ. ತಲೆಕೆಳಗಾಗಿ ಬರೆಯುವುದು ಈಗ ರೂಢಿಯಾಗಿದೆ.

ಒಂದು ಸಲ ಗಂಡ ಹೆಂಡತಿ ಬಂದರು. ಆಕೆಗೆ ತವರಿನ ಜಮೀನಿನಲ್ಲಿ ಪಾಲು ಬೇಕಿತ್ತು. ಗಂಡ ಕುರ್ಚಿಯ ತುದಿಯಲ್ಲಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದರು, ಒಳಗೆ ಇನ್ನೂ ಯಾರೋ ಬರಬೇಕು ಅನ್ನುವ ಹಾಗೆ. ಹೆಣ್ಣುಮಕ್ಕಳಿಗೂ ಸಮಪಾಲು ಅಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂದದ್ದು 2005ರಲ್ಲಿ, ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದಾರೆ, ಅದಕ್ಕೇ ಪಾಲು ಬರಲ್ಲ ಅಂತ ಯಾರೋ ಹೇಳಿ ಕಳಿಸಿದ್ದರು. ಅದನ್ನು 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿದೆ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದೆ. ಗಂಡನ ಕಣ್ಣು ಬಾಗಿಲು ಬಿಡಲಿಲ್ಲ. ಪಹಣಿ ತೆಗೆದುಕೊಂಡು, ಜಮೀನು ಹೇಗೆ ಬಂತು ಎಂದು ಹೇಳುವ 10ನೇ ಕಾಲಮ್ಮಿನ ಮೇಲೆ ಪೆನ್ನಿಟ್ಟೆ.

"ನಿಮ್ಮಣ್ಣಂದ್ರು ಏನಂತಾರೆ?"

"ಅಪ್ಪ ಇದ್ದಾಗ್ಲೇ ಪಾಲಾಗೋಗದೆ ಅಂತಾರೆ."

"ರಿಜಿಸ್ಟರ್ ಪಾಲುಪಟ್ಟಿ ಇದೆಯಾ? 2004ರ ಡಿಸೆಂಬರ್ 20ಕ್ಕೆ ಮುಂಚಿಂದು? ಆ ದಿನಕ್ಕೆ ಮುಂಚಿನ ಪಾಲನ್ನ ತಿದ್ದುಪಡಿ ಮುಟ್ಟಲ್ಲ."

"ಅಂಥಾದ್ದೇನೂ ಇಲ್ಲ."

"ಇಲ್ನೋಡಿ. ಖಾತೆ ಅವರ ಹೆಸರಿಗೆ ಬಂದಿರೋದು ಪೌತಿಯಿಂದ. ಪಾಲಾಗಿದ್ದಿದ್ರೆ ಇಲ್ಲಿ ವಿಭಾಗ ಅಂತಿರ್ತಿತ್ತು. ಅಪ್ಪ ಹೋದ್ಮೇಲೆ ಹೆಸರು ಸೇರಿಸಿಕೊಂಡಿದ್ದಾರೆ, ಅಷ್ಟೇ."

ಆಗ ಗಂಡ ಕುರ್ಚಿ ಎಳೆದುಕೊಂಡು ಹಾಳೆಯ ಮೇಲೆ ಬಗ್ಗಿದರು. ಅಪ್ಪ ತೀರಿದ ಇಸವಿ, ಪೌತಿ ಖಾತೆಯ ಎಂ.ಆರ್. (ಖಾತೆ ಬದಲಾವಣೆಯ ರಿಜಿಸ್ಟರ್) ನಂಬರು, ಅಣ್ಣ ಸಾಲ ತೆಗೆದ ವರ್ಷ (ಅದು 11ನೇ ಕಾಲಮ್ಮಿನಲ್ಲಿತ್ತು) ಒಂದರ ಕೆಳಗೊಂದು ಕೂತಾಗ, ತಮ್ಮ ಮನೆಯ ಜಗಳ ಅವರಿಗೇ ಮೊದಲ ಸಲ ಸಾಲಾಗಿ ಕಂಡಿತು. ಹೆಂಡತಿ ಅಲ್ಲೀತನಕ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದರು. "ಈ ಹಾಳೆ ನಮಗ್ ಕೊಡ್ತೀರಾ?" ಎಂದರು.

ಕೊಡುತ್ತೇನೆ, ಜೆರಾಕ್ಸ್ ಮಾಡಿಸಿ, ಎಲ್ಲರಿಗೂ. ಅದೇ ಹಾಳೆ ಹಿಡಿದು ನರೆಗೂದಲಿನ ವಕೀಲರ ಹತ್ತಿರ ಹೋದವರೂ ಇದ್ದಾರೆ. ಹೋಗಲಿ. ಉಳಿದವರು ವಾಯಿದೆಗೆ ಬಂದಾಗ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ, ಇನ್ನೊಬ್ಬರಿಗೆ ತೋರಿಸುತ್ತಾರೆ. ನನ್ನ ಅರ್ಧದಷ್ಟು ಕೇಸು ಬಂದದ್ದು ಹೀಗೇ.

ಚಹರೆ ನೋಡುವ ಚಟ ನಮಗೂ ಇದೆ, ಕಕ್ಷಿದಾರರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ವಕೀಲರ ಸಂಘದಲ್ಲಿ ಒಬ್ಬರು ಹಿರಿಯರ ಕೋಟು ಭುಜದ ಹತ್ತಿರ ಬಣ್ಣ ಹೋಗಿ ಕಂದಾಗಿದೆ, ತೋಳಿನ ಅಂಚು ನೂಲು ಬಿಟ್ಟಿದೆ. ಹೊಸ ಜೂನಿಯರುಗಳು ಪ್ರಾಕ್ಟೀಸ್ ಇಲ್ಲದವರು ಅಂದುಕೊಳ್ಳುತ್ತಾರೆ. ಅವರ ಪಾಟೀಸವಾಲು ಒಮ್ಮೆ ಕೇಳಿದರೆ ಸಾಕು, ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ನನಗೆ ಕಷ್ಟದ ಸಾಕ್ಷಿಗಳಿದ್ದರೆ ಹಿಂದಿನ ಸಂಜೆ ಅವರ ಹತ್ತಿರವೇ ಹೋಗಿ ಪ್ರಶ್ನೆ ತಿದ್ದಿಸಿಕೊಂಡು ಬರುತ್ತೇನೆ.

ಈಗ ನನ್ನ ಕೈಕೆಳಗೊಬ್ಬ ಜೂನಿಯರ್ ಇದ್ದಾನೆ. ಆರಡಿ ಆಳು, ದಪ್ಪ ಮೀಸೆ. ಬಂದವರು ಸೀದಾ ಅವನಿಗೇ ಕೈ ಮುಗಿಯುತ್ತಾರೆ. ಅವನು ಮುಜುಗರದಿಂದ ನನ್ನ ಕಡೆ ತೋರಿಸಲು ಹೋಗುತ್ತಿದ್ದ. ಬೇಡ ಅಂದಿದ್ದೇನೆ. ಮುಗಿದ ಕೈಯಲ್ಲೇ ಕಾಗದ ಈಸಿಕೊಂಡು ಹಾಳೆ ಶುರು ಮಾಡಲಿ. ಎಂ.ಆರ್. ನಂಬರು ತಪ್ಪಾದಾಗ ನಾನು ಈಚೆ ಕಡೆಯಿಂದ ಕೈ ಚಾಚಿ ತಿದ್ದುತ್ತೇನೆ, ಆಗ ಅವರು ನನ್ನ ಕಡೆ ತಿರುಗುತ್ತಾರೆ. ಫೀಸಿನ ಮಾತು ಮಾತ್ರ ಮೊದಲಿಂದಲೂ ನಾನೇ ಆಡುವುದು.