ಸಿಪಿಯು ಕೂಲರ್ ತಳ ಉಜ್ಜುವ ಮುಂಚೆ

ಕಂಪ್ಯೂಟರಿನ ಮುಖ್ಯ ಚಿಪ್ ಆದ ಸಿಪಿಯು ಮೇಲೆ ಕೂರುವ ಕೂಲರಿನ ತಳ ಸಮ ಇಲ್ಲದಿದ್ದರೆ ಬಿಸಿ ಸರಿಯಾಗಿ ದಾಟುವುದಿಲ್ಲ, ಅದಕ್ಕೇ ಕೆಲವರು ಅದನ್ನು ಉಜ್ಜಿ ಸಮ ಮಾಡುತ್ತಾರೆ. ಮೊದಲು ಸ್ಟೀಲ್ ಸ್ಕೇಲಿನ ಅಂಚನ್ನು ತಳದ ಮೇಲೆ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕು ಕಾಣದಿದ್ದರೆ ಸುಮ್ನೆ ಬಿಟ್ಟುಬಿಡಿ. ಕೆಲವು ಕೂಲರ್‌ಗಳ ತಳವನ್ನು ಬೇಕಂತಲೇ ನಡುವೆ ಚೂರು ಉಬ್ಬಿಸಿರುತ್ತಾರೆ, ಅದನ್ನೂ ಮುಟ್ಟಬೇಡಿ. ಹೀಟ್‌ಪೈಪ್ (ಬಿಸಿ ಸಾಗಿಸುವ ಕೊಳವೆ) ನೇರವಾಗಿ ಕಾಣುವ ತಳವಾದರಂತೂ ಬೇಡವೇ ಬೇಡ. ಪೈಪಿನ ಗೋಡೆ ತೆಳು, ತೂತು ಬಿದ್ದರೆ ಕೂಲರ್ ಕೆಟ್ಟ ಹಾಗೆಯೇ.

ನಡುವೆ ತಗ್ಗಿದ್ದರೆ ಮಾತ್ರ ಕೈ ಹಾಕಿ. ಫ್ಯಾನ್ ಬಿಚ್ಚಿಡಿ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಅಂಟಿಸಿ, ನೀರು ಚಿಮುಕಿಸಿ. ತಳಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಜಾಸ್ತಿ ಒತ್ತದೆ ಉಜ್ಜಿ. ಆಗಾಗ ಕೂಲರನ್ನು ಕಾಲು ಸುತ್ತು ತಿರುಗಿಸಿ. ಗೆರೆ ಎಲ್ಲ ಕಡೆ ಅಳಿಸಿತು ಅಂದರೆ ಸಮ ಆಯಿತು. ನಿಕಲ್ ಲೇಪ ಹೋಗಿ ತಾಮ್ರ ಕಂಡರೆ ಗಾಬರಿ ಬೇಡ. ಆಮೇಲೆ 800, 1000 ನಂಬರಿನ ಪೇಪರ್ ಸಾಕು. ತಾಮ್ರದ ಪುಡಿ ಮದರ್‌ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗಬಹುದು, ಚೆನ್ನಾಗಿ ತೊಳೆದು ಒಣಗಿಸಿಯೇ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್) ಹಚ್ಚಿ. ಉಜ್ಜಿದರೆ ವಾರಂಟಿ ಸಿಗುವುದಿಲ್ಲ, ಅದೂ ಗೊತ್ತಿರಲಿ.