ಕರೆಯ ದಾರಿ ಬೇರೆ, ಮಾತಿನ ದಾರಿ ಬೇರೆ

ಶಿರಸಿಯ ಅಡಿಕೆ ವಹಿವಾಟಿನ ಸಂಸ್ಥೆಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಕುಮಟಾ, ಹೊನ್ನಾವರ, ಯಲ್ಲಾಪುರ, ಕಾರವಾರಗಳಲ್ಲಿ ನಮ್ಮ ಶಾಖೆಗಳಿವೆ. ಟೆಂಡರ್ ತೆರೆದ ಕೂಡಲೇ ಚಾಲಿ, ರಾಶಿ, ಬೆಟ್ಟೆ ಅಡಿಕೆಯ ದರ ಎಲ್ಲ ಕಡೆ ತಲುಪಬೇಕು. ಮೇಜಿನ ಫೋನು, ಬ್ರೌಸರ್‌ನಲ್ಲಿ ತೆರೆಯುವ ಚಾಟ್, ಇಮೇಲ್ ಮೂರೂ ನಮ್ಮದೇ ಯಂತ್ರಗಳ ಮೇಲೆ ನಡೆಯುತ್ತವೆ. ಒಂದೊಂದಕ್ಕೆ ಒಂದೇ ಸರ್ವರ್ ಇದ್ದಾಗ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಒಂದು ಯಂತ್ರ ಏಳದಿದ್ದರೆ ಘಟ್ಟದ ಕೆಳಗಿನ ಶಾಖೆಗಳೆಲ್ಲ ಮೂಕವಾಗುತ್ತಿದ್ದವು. ಆದ್ದರಿಂದ ಪ್ರತಿಯೊಂದನ್ನೂ ಜೋಡಿ ಮಾಡಿ, ಅವುಗಳ ಮುಂದೆ, ಬರುವ ಕೆಲಸವನ್ನು ಎರಡಕ್ಕೂ ಹಂಚುವ ಲೋಡ್ ಬ್ಯಾಲೆನ್ಸರ್ ನಿಲ್ಲಿಸಿದೆ.

ವೆಬ್‌ಸೈಟಿನ ಮುಂದೆ ನಿಲ್ಲಿಸುವ ಬ್ಯಾಲೆನ್ಸರನ್ನೇ ತಂದು ಇಲ್ಲಿಯೂ ನಿಲ್ಲಿಸಿದರೆ ಸಾಲದು. ವೆಬ್ ಪುಟದ ಕೋರಿಕೆ ಕ್ಷಣದಲ್ಲಿ ಮುಗಿಯುತ್ತದೆ. ಚಾಟ್ ಸಂಪರ್ಕ ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಫೋನಿನಲ್ಲಂತೂ ಕರೆಯನ್ನು ಹೊಂದಿಸುವ ಸಂದೇಶಗಳು ಒಂದು ದಾರಿಯಲ್ಲಿ, ಮಾತಿನ ಧ್ವನಿ ಇನ್ನೊಂದು ದಾರಿಯಲ್ಲಿ ಹೋಗುತ್ತವೆ. ಈ ವ್ಯತ್ಯಾಸವನ್ನೇ ಹಿಡಿದು ಇಡೀ ವ್ಯವಸ್ಥೆಯನ್ನು ಕಟ್ಟಿದೆ.

ಚಾಟ್ ಮತ್ತು ಇಮೇಲಿಗೆ ಎಚ್‌ಎಪ್ರಾಕ್ಸಿ ಎಂಬ ಬ್ಯಾಲೆನ್ಸರ್ ತಂತ್ರಾಂಶ ಇಟ್ಟೆ. ನಮ್ಮ ಫೋನುಗಳು ಕರೆ ಹೊಂದಿಸುವ ಎಸ್‌ಐಪಿ ಸಂದೇಶಗಳನ್ನು, ಮೊದಲು ಸಂಪರ್ಕ ಸ್ಥಾಪಿಸದೆಯೇ ಪ್ಯಾಕೆಟ್ ಕಳಿಸುವ ಯುಡಿಪಿ ಪದ್ಧತಿಯ 5060ನೇ ಪೋರ್ಟಿನಲ್ಲಿ ಕಳಿಸುತ್ತವೆ. ಮುಕ್ತವಾಗಿ ಸಿಗುವ ಎಚ್‌ಎಪ್ರಾಕ್ಸಿ ಯುಡಿಪಿಯಲ್ಲಿ ಬರುವ ಈ ಸಂದೇಶಗಳನ್ನು ಹಂಚುವುದಿಲ್ಲ. ಅದಕ್ಕೆ ಎಸ್‌ಐಪಿ ಭಾಷೆಯನ್ನೇ ಬಲ್ಲ ಕಮೈಲಿಯೊ ಬೇಕಾಯಿತು; ಅದರ ಹಿಂದೆ ಕರೆಗಳನ್ನು ಜೋಡಿಸುವ ಎರಡು ಆಸ್ಟರಿಸ್ಕ್ ಸರ್ವರ್‌ಗಳು. ಕರೆಗಳನ್ನು ಸರದಿಯಂತೆ ಹಂಚದೆ, ಪ್ರತಿ ಕರೆಗೂ ಇರುವ ಗುರುತಿನ ಸಂಖ್ಯೆಯ ಆಧಾರದಲ್ಲಿ ಹಂಚಲು ಹೇಳಿದೆ. ಸರ್ವರ್ ಮೊದಲು ಗುಪ್ತಪದ ಕೇಳಿ ಫೋನು ಅದೇ ಕರೆಯನ್ನು ಮತ್ತೆ ಕಳಿಸುತ್ತದೆಯಲ್ಲ, ಆ ಎರಡನೆಯ ಕೋರಿಕೆ ಬೇರೆ ಸರ್ವರ್‌ಗೆ ಹೋದರೆ ಅದು ಮತ್ತೆ ಗುಪ್ತಪದ ಕೇಳುತ್ತದೆ. ಕಮೈಲಿಯೊ ಕೂಡ ಎರಡು ಯಂತ್ರಗಳಲ್ಲಿರುವುದರಿಂದ, ಫೋನುಗಳ ನೋಂದಣಿ ಪಟ್ಟಿಯನ್ನು ಎರಡೂ ಕಮೈಲಿಯೊಗಳು ಓದಬಲ್ಲ ಡೇಟಾಬೇಸಿನಲ್ಲಿಟ್ಟೆ. ಅದು ಒಂದರ ನೆನಪಿನಲ್ಲಿ ಮಾತ್ರ ಇದ್ದರೆ, ಆ ಯಂತ್ರ ಬಿದ್ದೊಡನೆ ಯಾವ ಫೋನು ಎಲ್ಲಿದೆ ಎಂಬುದು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಧ್ವನಿಯನ್ನು ಬ್ಯಾಲೆನ್ಸರ್ ಮೂಲಕ ಹಾಯಿಸಲೇ ಇಲ್ಲ. ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಕ್ರಮದ ಒಂದು ಕರೆ ಸಾಮಾನ್ಯವಾಗಿ ಪ್ರತಿ ದಿಕ್ಕಿನಲ್ಲೂ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಅದನ್ನು ಇನ್ನೊಂದು ಯಂತ್ರದ ಮೂಲಕ ಸುತ್ತು ಹೊಡೆಸಿದರೆ ವಿಳಂಬ ಹೆಚ್ಚುತ್ತದೆ, ಲಾಭವೇನಿಲ್ಲ. ಶಾಖೆಗಳು ವಿಪಿಎನ್ ಎಂಬ ಖಾಸಗಿ ಜಾಲದ ಮೂಲಕ ಶಿರಸಿಗೆ ಸೇರಿರುವುದರಿಂದ ಫೋನು ಮತ್ತು ಆಸ್ಟರಿಸ್ಕ್ ನೇರವಾಗಿ ಮಾತನಾಡಿಕೊಳ್ಳುತ್ತವೆ; ಧ್ವನಿ ಹೋಗುವ 10000ದಿಂದ 20000ದವರೆಗಿನ ಯುಡಿಪಿ ಪೋರ್ಟುಗಳನ್ನು ವಿಪಿಎನ್ ಒಳಗೆ ಮಾತ್ರ ತೆರೆದಿದ್ದೇನೆ.

ಇಮೇಲಿನಲ್ಲಿ ಅತ್ಯಂತ ಎಚ್ಚರ ಬೇಕಾದ ಜಾಗ, ಬಂದವರ ನಿಜವಾದ ಐಪಿ ವಿಳಾಸ. ಪ್ರಾಕ್ಸಿ ನಡುವೆ ನಿಂತ ಮೇಲೆ ಅಂಚೆ ಸಾಗಿಸುವ ಪೋಸ್ಟ್‌ಫಿಕ್ಸ್‌ಗೆ ಕಾಣುವುದು ಪ್ರಾಕ್ಸಿಯ ವಿಳಾಸ ಮಾತ್ರ. ಅದು ಕಚೇರಿಯ ಒಳಗಿನ ವಿಳಾಸ. ನಂಬಿಕೆಯ ಜಾಲದ ಪಟ್ಟಿಯಲ್ಲಿ ಅದೂ ಇದ್ದರೆ ಹೊರಗಿನಿಂದ ಬಂದ ಯಾರೇ ಆದರೂ ಮನೆಯವರೇ ಎನಿಸಿಕೊಳ್ಳುತ್ತಾರೆ, ಜಗತ್ತಿನ ಕಸದ ಅಂಚೆಯೆಲ್ಲ ನಮ್ಮ ಸರ್ವರ್ ಮೂಲಕ ಹೊರಹೋಗುತ್ತದೆ. ಗುಪ್ತಪದ ಊಹಿಸುವವರನ್ನು ತಡೆಯುವ ಫೇಲ್‌ಟುಬ್ಯಾನ್ ಕೂಡ ದಾಳಿಕೋರನ ಬದಲು ಪ್ರಾಕ್ಸಿಯನ್ನೇ ತಡೆದು ಎಲ್ಲರನ್ನೂ ಹೊರಗಿಡುತ್ತದೆ. ಇದಕ್ಕೆ ಪರಿಹಾರ ಪ್ರಾಕ್ಸಿ ಪ್ರೋಟೊಕಾಲ್. ಸಂಪರ್ಕದ ಆರಂಭದಲ್ಲೇ ಮೂಲ ವಿಳಾಸವನ್ನು ತಿಳಿಸುವ ಈ ಪದ್ಧತಿಯನ್ನು ಪೋಸ್ಟ್‌ಫಿಕ್ಸ್, ಅಂಚೆಯನ್ನು ಓದಲು ಕೊಡುವ ಡವ್‌ಕಾಟ್ ಎರಡೂ ಬಲ್ಲವು. ಎರಡೂ ಬದಿಯಲ್ಲಿ ಇದನ್ನು ಹೊಂದಿಸಿ, ದಾಖಲೆಗಳಲ್ಲಿ ಹೊರಗಿನ ವಿಳಾಸಗಳು ಸರಿಯಾಗಿ ಬರುತ್ತಿವೆಯೇ ಎಂದು ನೋಡಿದ ಮೇಲೆಯೇ ಅಂಚೆ ಬರುವ 25ನೇ ಪೋರ್ಟನ್ನು ಹೊರಗೆ ತೆರೆದೆ. ಈ ಕ್ರಮವನ್ನು ಯಾರೂ ತಿರುಗುಮುರುಗು ಮಾಡಬಾರದು.

ಕಾಯುವ ಅವಧಿಗಳನ್ನೂ ಬದಲಿಸಬೇಕು. ಹೊಸ ಅಂಚೆಗಾಗಿ ಸುಮ್ಮನೆ ಕಾದಿರುವ ಐಮ್ಯಾಪ್ (ಅಂಚೆ ಓದುವ ಪದ್ಧತಿ) ಸಂಪರ್ಕವನ್ನು 29 ನಿಮಿಷಕ್ಕೊಮ್ಮೆಯಾದರೂ ನವೀಕರಿಸಬೇಕೆಂದು 1997ರ ಇಂಟರ್‌ನೆಟ್ ಪದ್ಧತಿಗಳ ದಾಖಲೆ ಆರ್‌ಎಫ್‌ಸಿ 2177 ಸಲಹೆ ನೀಡುತ್ತದೆ. ಪ್ರಾಕ್ಸಿ ಒಂದೇ ನಿಮಿಷದಲ್ಲಿ ಬೇಸತ್ತು ಕತ್ತರಿಸಿದರೆ ಮೊಬೈಲ್‌ಗಳು ಮತ್ತೆ ಮತ್ತೆ ಲಾಗಿನ್ ಆಗುತ್ತಲೇ ಇರುತ್ತವೆ. ಹಾಗಾಗಿ ಅಂಚೆಗೆ ಅರ್ಧ ಗಂಟೆಗಿಂತ ಹೆಚ್ಚು, ಚಾಟಿನ ಸದಾ ತೆರೆದಿರುವ ವೆಬ್‌ಸಾಕೆಟ್ ಸಂಪರ್ಕಕ್ಕೆ ಬೇರೆಯೇ ಅವಧಿ ಇಟ್ಟೆ.

ಚಾಟ್ ಬಳಸುವವರಲ್ಲಿ ಬಹಳ ಮಂದಿ ಮೊಬೈಲ್ ಇಂಟರ್‌ನೆಟ್‌ನಲ್ಲಿರುತ್ತಾರೆ. ಮೊಬೈಲ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಕೂರಿಸುತ್ತವೆ. ಐಪಿ ನೋಡಿ ಹಂಚಿದರೆ ಅವರೆಲ್ಲ ಒಂದೇ ಸರ್ವರ್‌ಗೆ ಬಂದು ಬೀಳುತ್ತಾರೆ, ಇನ್ನೊಂದು ಖಾಲಿ ಕೂರುತ್ತದೆ. ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿ, ಅಂದರೆ ಕುಕಿ, ನೋಡಿ ಹಂಚುವುದೇ ಇಲ್ಲಿ ಸರಿ.

ಸರ್ವರ್ ಬದುಕಿದೆಯೇ ಎಂಬ ಪರೀಕ್ಷೆಗೆ ಪೋರ್ಟ್ ತೆರೆದಿದೆ ಎಂಬ ಉತ್ತರ ಸಾಲದು. ಡೇಟಾಬೇಸ್ ಸತ್ತಿದ್ದರೂ ಪೋರ್ಟ್ ತೆರೆದಿರಬಹುದು. ಡೇಟಾಬೇಸನ್ನು ಒಮ್ಮೆ ಮುಟ್ಟಿ ಉತ್ತರಿಸುವ ಚಿಕ್ಕ ಪುಟವೊಂದನ್ನು ಚಾಟ್‌ಗೆ ಬರೆದೆ. ಫೋನಿನ ಬದಿಯಲ್ಲಿ ಕಮೈಲಿಯೊ ಆಗಾಗ ಆಪ್ಷನ್ಸ್ ಎಂಬ ಎಸ್‌ಐಪಿ ಸಂದೇಶ ಕಳಿಸಿ ಆಸ್ಟರಿಸ್ಕ್‌ನ ಉತ್ತರಕ್ಕೆ ಕಾಯುತ್ತದೆ.

ಬ್ಯಾಲೆನ್ಸರೇ ಬಿದ್ದರೆ? ಅದಕ್ಕೆ ಕೀಪ್‌ಅಲೈವ್ಡ್ ಎಂಬ ತಂತ್ರಾಂಶ. ಎರಡು ಯಂತ್ರಗಳ ನಡುವೆ, ಒಂದರಿಂದ ಇನ್ನೊಂದಕ್ಕೆ ಹೋಗಬಲ್ಲ ಒಂದೇ ತೇಲುವ ಐಪಿ. ಮುಖ್ಯ ಯಂತ್ರ ಸೆಕೆಂಡಿಗೊಮ್ಮೆ ಇದ್ದೇನೆಂದು ಸಾರುತ್ತದೆ, ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸದ್ದಿಲ್ಲದಿದ್ದರೆ ಎರಡನೆಯದು ಐಪಿಯನ್ನು ತೆಗೆದುಕೊಳ್ಳುತ್ತದೆ. ಹೀಗೆ ಸಾರಲು ಇದು ಬಳಸುವ ವಿಆರ್‌ಆರ್‌ಪಿ ಪದ್ಧತಿಗೆ ಪೋರ್ಟ್ ಇಲ್ಲ, ಐಪಿ ಪ್ರೋಟೊಕಾಲ್ ಸಂಖ್ಯೆ 112 ಇದೆ. ಫೈರ್‌ವಾಲ್‌ನಲ್ಲಿ ಅದನ್ನು ಬಿಡದಿದ್ದರೆ ಎರಡೂ ಯಂತ್ರಗಳು ತಾವೇ ಯಜಮಾನರೆಂದು ಅದೇ ಐಪಿಯನ್ನು ಹಿಡಿದು ಕೂರುತ್ತವೆ.

ಟೆಂಡರ್ ಮುಗಿದ ಒಂದು ಮಧ್ಯಾಹ್ನ ಕಾರವಾರ ಶಾಖೆಯ ವ್ಯವಸ್ಥಾಪಕರಿಗೆ ಕರೆ ಮಾಡಿ, "ಸರ್, ಮಾತು ನಿಲ್ಲಿಸಬೇಡಿ" ಎಂದು ಕೋರಿ, ಮುಖ್ಯ ಕಮೈಲಿಯೊ ಯಂತ್ರದ ವಿದ್ಯುತ್ ತಂತಿಯನ್ನು ಕಿತ್ತೆ. ಮಾತು ಕಡಿಯಲಿಲ್ಲ. ಅವರು ಫೋನ್ ಇಟ್ಟಾಗ ಹೊರಟ ಸಂದೇಶ ತೇಲುವ ಐಪಿಯನ್ನು ಹಿಡಿದ ಎರಡನೆಯ ಯಂತ್ರಕ್ಕೆ ಬಂದು ಕರೆ ಸರಿಯಾಗಿಯೇ ಮುಗಿಯಿತು. ಆಸ್ಟರಿಸ್ಕ್ ಯಂತ್ರವನ್ನೇ ಕಿತ್ತಾಗ ಮಾತ್ರ ಅದರ ಮೇಲಿನ ಕರೆ ಹೋಗುತ್ತದೆ, ಮತ್ತೆ ಒತ್ತಿದರೆ ಇನ್ನೊಂದರ ಮೂಲಕ ಸಿಗುತ್ತದೆ. ಶಾಖೆಗಳಿಗೆ ಇದನ್ನು ಮೊದಲೇ ಹೇಳಿದ್ದೇನೆ. ನಾವಾಗಿಯೇ ನಿಲ್ಲಿಸಬೇಕಾದಾಗ ಹೀಗಾಗಲು ಬಿಡುವುದಿಲ್ಲ: ಆ ಆಸ್ಟರಿಸ್ಕ್‌ಗೆ ಹೊಸ ಕರೆ ಕೊಡಬೇಡವೆಂದು ಕಮೈಲಿಯೊಗೆ ತಿಳಿಸಿ, ನಡೆಯುತ್ತಿರುವ ಕರೆಗಳು ಸೊನ್ನೆಗಿಳಿದ ಮೇಲೆ ನವೀಕರಣಕ್ಕೆ ಕೈ ಹಾಕುತ್ತೇನೆ.