ರಾಗಿ ಮಿಲ್ಲಿಗೆ ಸ್ಪೀಕರ್ ಅಯಸ್ಕಾಂತ

ಮಂಡ್ಯದ ಹತ್ತಿರ ನಮ್ಮದೊಂದು ಸಣ್ಣ ಹಿಟ್ಟಿನ ಮಿಲ್. ನಮ್ಮ ಕಡೆ ಈಗಲೂ ಎಷ್ಟೋ ಜನ ರಾಗಿಯನ್ನು ರಸ್ತೆ ಮೇಲೇ ಒಕ್ಕುತ್ತಾರೆ. ಕಾಳಿನ ಜೊತೆ ಮೊಳೆ, ತಂತಿ ಚೂರು ಎಲ್ಲ ಬರುತ್ತೆ. ಹೋದ ಸುಗ್ಗಿಯಲ್ಲಿ ಒಂದು ನಟ್ಟು ಕಲ್ಲಿನ ನಡುವೆ ಸಿಕ್ಕಿ ಕಿಡಿ ಹಾರಿತು. ಎರಡು ದಿನ ಮಿಲ್ ಬಂದ್.

ಹಾಳಾದ ಸ್ಪೀಕರ್ ಹಿಂದೆ ಕಪ್ಪು ಬಳೆಯಂಥ ಅಯಸ್ಕಾಂತ ಇರುತ್ತಲ್ಲ, ಕಾಳು ಕಲ್ಲಿಗೆ ಬೀಳುವ ಮೊದಲೇ ಕಬ್ಬಿಣ ಹಿಡಿಯಲಿ ಅಂತ ಗುಜರಿಯಿಂದ ಅಂಥವು ಐದು ತಂದೆ. ಹೆಸರು ಫೆರೈಟ್. ತುಕ್ಕಿನ ಜಾತಿಯದೇ ಆದ ಕಬ್ಬಿಣದ ಆಕ್ಸೈಡಿಗೆ ಸ್ಟ್ರಾನ್ಷಿಯಂ ಇಲ್ಲವೇ ಬೇರಿಯಂ ಕಾರ್ಬೊನೇಟ್ ಬೆರೆಸಿ ಸುಡುತ್ತಾರೆ. ಅದನ್ನು ಮತ್ತೆ ನುಣ್ಣಗೆ ಅರೆದು, ಅಚ್ಚಿಗೆ ಒತ್ತಿ, ಸುಮಾರು 1200 ಡಿಗ್ರಿಯಲ್ಲಿ ಇನ್ನೊಮ್ಮೆ ಸುಡುತ್ತಾರೆ. ಶಕ್ತಿ ಜಾಸ್ತಿ ಬೇಕಿದ್ದರೆ ಒತ್ತುವಾಗಲೇ ಕಾಂತಕ್ಷೇತ್ರ ಕೊಟ್ಟು ಕಣಗಳನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಒಟ್ಟಿನಲ್ಲಿ ಮಡಕೆಯ ತಮ್ಮ.

ಅದು ನನಗೆ ಅರ್ಥವಾಗಿದ್ದು ಡ್ರಿಲ್ ಇಟ್ಟಾಗ. ಬೋಲ್ಟಿಗೆ ತೂತು ಕೊರೆಯಲು ಹೋದೆ, ಟಪ್ ಅಂತ ಎರಡು ಹೋಳು! ಇದನ್ನು ವಜ್ರದ ಪುಡಿಯ ಚಕ್ರದಲ್ಲೇ ಉಜ್ಜಬೇಕು. ಹೋಳುಗಳನ್ನು ಜೋಡಿಸಿ ಅಂಟಿಸೋಣ ಅಂದರೆ ಒಂದನ್ನೊಂದು ತಳ್ಳುತ್ತವೆ. ಈ ಬಳೆಯ ಧ್ರುವಗಳು ಮೇಲಿನ, ಕೆಳಗಿನ ಮುಖಗಳಲ್ಲಿರುತ್ತವೆ. ಜೋಡಿಸಿದಾಗ ಒಂದೇ ಧ್ರುವಗಳು ಅಕ್ಕಪಕ್ಕ ಬಂದರೆ ಇನ್ನೇನಾಗುತ್ತೆ?

ಉಳಿದ ನಾಲ್ಕನ್ನು ದಪ್ಪ ಕಬ್ಬಿಣದ ತಟ್ಟೆ ಮೇಲೆ ಸಾಲಾಗಿ ಇಟ್ಟೆ. ಒಂದು ನೆಟ್ಟಗೆ, ಮುಂದಿನದು ಮಗುಚಿ. ಹಾಗಿಟ್ಟರೆ ತಾವೇ ಎಳೆದುಕೊಂಡು ಕೂರುತ್ತವೆ (ಬೆರಳು ಜೋಪಾನ). ಹಿಂದೆ ಕಬ್ಬಿಣ ಇದ್ದರೆ ಮುಂದಿನ ಸೆಳೆತ ಚೆನ್ನಾಗಿ ಏರುತ್ತೆ. ಅರಾಲ್ಡೈಟ್ ಹಾಕಿ ಅಂಟಿಸಿ, ಮೇಲೆ ಅಯಸ್ಕಾಂತಕ್ಕೆ ಅಂಟದ ಸ್ಟೀಲ್ ತಗಡು ಮುಚ್ಚಿದೆ. ಮೊದಲು ದಪ್ಪ ತಗಡು ಹಾಕಿದ್ದೆ, ಮೊಳೆ ಆರಾಮಾಗಿ ಜಾರಿ ಹೋಯಿತು. ತೆಳ್ಳಗಿನದು ಹಾಕಿ, ಕಾಳು ಸುರಿಯುವ ಹಾಪರ್‌ನಿಂದ ಕಾಳು ಅದರ ಮೇಲೆ ನಿಧಾನ ಇಳಿಯುವ ಹಾಗೆ ಮಾಡಿದ ಮೇಲೆ ಸರಿಹೋಯಿತು.

ನಿಯೋಡಿಮಿಯಂ ಅನ್ನೋ ಬೇರೆ ಜಾತಿಯ ಅಯಸ್ಕಾಂತ ಹಾಕು ಅಂತ ಒಬ್ಬರು ಹೇಳಿದ್ದರು. ಅದರ ಶಕ್ತಿ ತುಂಬಾ ಜಾಸ್ತಿ, ನಿಜ. ಆದರೆ ಮೇಲಿನ ಲೇಪ ಹೋದರೆ ತುಕ್ಕು ಹಿಡಿಯುತ್ತೆ, ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತೆ. ಫೆರೈಟ್ 250ರವರೆಗೂ ತಡೆಯುತ್ತೆ. ನನ್ನ ಹಾಪರ್‌ನಲ್ಲಿ ಅಷ್ಟು ಬಿಸಿ ಎಲ್ಲಿದೆ ಬಿಡಿ, ಗುಜರಿ ರೇಟು ನೋಡಿಯೇ ನಾನು ಇದನ್ನು ಆರಿಸಿದ್ದು. ಕಲ್ಲು, ಹಿತ್ತಾಳೆ ಚೂರನ್ನು ಮಾತ್ರ ಎರಡೂ ಹಿಡಿಯಲ್ಲ, ಅದಕ್ಕೆ ಜರಡಿಯೇ ಗತಿ.

ಮೊನ್ನೆ ಒಬ್ಬ ಅಜ್ಜಿಯ ರಾಗಿಯಲ್ಲಿ ಸಿಕ್ಕ ಮೊಳೆಯನ್ನು ಖುಷಿಯಿಂದ ತೋರಿಸಿದೆ. "ನಮ್ಮನೆ ರಾಗೀಲಿ ಮೊಳೆ ಎಲ್ಲಿಂದ ಬರುತ್ತೆ? ನಿನ್ನ ಮಿಷನ್ನಿಂದಲೇ ಉದುರಿರಬೇಕು ಕಣಪ್ಪಾ" ಅಂದರು.